ಕೊಳದ ಮೇಲೆ ಯಾರೂ ಟ್ರಂಬೋನ್ ಊದಲಿಲ್ಲ

ನಮ್ಮ ಎನ್ಸ್‌ಕೆಡೆ ಶಾಖೆ ಹುಟ್ಟಿದ ಕತೆಯನ್ನು ಹೊಸಬರಿಗೆ ಮೊದಲ ವಾರವೇ ಹೇಳುತ್ತಾರೆ. ಹೇಳುವಾಗ ದೀಪ ಸ್ವಲ್ಪ ಕಡಿಮೆ ಮಾಡುತ್ತಾರೆ. ಅರ್ಧ ಶತಮಾನಕ್ಕಿಂತಲೂ ಹಿಂದೆ, ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟಿದ್ದಾಗ, ಟ್ರೂಸ್ ಎಂಬ ವಿದ್ಯಾರ್ಥಿನಿಗೆ ವಾದ್ಯಮೇಳದ ನಿರ್ದೇಶಕರು ಟ್ರಂಬೋನ್ ಹೆಂಗಸರ ವಾದ್ಯವಲ್ಲ ಎಂದರಂತೆ. ಟ್ರೂಸ್ ಎದ್ದು ನಿಂತಳಂತೆ. ಅವಳ ಹಿಂದೆ ಉಳಿದ ಹುಡುಗಿಯರೂ ಎದ್ದರಂತೆ. ವಾದ್ಯ ಹೊತ್ತು ಹೊರಗೆ ನಡೆದು, ಹೆಪ್ಪುಗಟ್ಟಿದ್ದ ಕೊಳದ ನಡುವೆ ನಿಂತು ನುಡಿಸಿದರಂತೆ. ಆ ಸದ್ದಿಗೆ ಹಾಸ್ಟೆಲಿನ ಕಿಟಕಿಗಳೆಲ್ಲ ತೆರೆದುಕೊಂಡವಂತೆ. ಹೀಗೆ ಮಹಿಳೆಯರದೇ ಆದ ಸಂಗೀತ ಸಂಘದ ನಮ್ಮ ಶಾಖೆ ಹುಟ್ಟಿತು. ಕತೆ ಮುಗಿದ ಮೇಲೆ ಎಲ್ಲರೂ ಸೇರಿ ಆ ನಿರ್ದೇಶಕರನ್ನು ನೆನೆದು 'ಬೂ' ಎನ್ನುವುದು ಪದ್ಧತಿ.

ನಾನು ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಒಂದು ಕತೆಯಲ್ಲಿ ಇಷ್ಟೊಂದು 'ಅಂತೆ' ಬಂದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ. ಮೊದಲ ಸಲ ಕೇಳಿದಾಗಲೂ ಎದ್ದಿತು. ಅಷ್ಟು ಚಳಿಯಲ್ಲಿ ಹಿತ್ತಾಳೆಗೆ ತುಟಿ ಅಂಟಿಕೊಳ್ಳಲಿಲ್ಲವೇ? ಟ್ರಂಬೋನಿನ ಜಾರುವ ಕೊಳವೆ ಸೆಟೆದುಕೊಂಡು ನಿಲ್ಲಲಿಲ್ಲವೇ? ಪಿಯಾನೊ ನುಡಿಸುವವಳು ಏನು ಮಾಡಿದಳು, ಅದನ್ನೂ ಹೊತ್ತುಕೊಂಡು ಬಂದಳೇ? ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಇನ್ನೊಂದಿತ್ತು. ಡಚ್ಚರ ಈ ದೇಶದಲ್ಲಿ ಕೊಳ ಹೆಪ್ಪುಗಟ್ಟಿತೆಂದರೆ ಊರಿಗೆ ಊರೇ ಸ್ಕೇಟು ಕಟ್ಟಿಕೊಂಡು ಅದರ ಮೇಲಿರುತ್ತದೆ. ಬಾಜಾಬಜಂತ್ರಿಗೆ ಜಾಗ ಬಿಟ್ಟುಕೊಟ್ಟವರು ಯಾರು?

ಆಗಿನ ಅಧ್ಯಕ್ಷೆ ದೀಪವನ್ನು ಪೂರ್ತಿ ಹಾಕಿ, ಸೂಪು ಆರುತ್ತಿದೆ ಎಂದಳು.

ಸೂಪಿನ ಮಾತು ಬಂತಲ್ಲ, ನನಗೆ ಉತ್ತರ ಸಿಗದ ಇನ್ನೂ ಎರಡು ಪ್ರಶ್ನೆಗಳನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಖೆಯ ಪ್ರತಿ ಅಭ್ಯಾಸವೂ ಹುಟ್ಟುಹಬ್ಬದ ಹಾಡಿನಿಂದ ಶುರುವಾಗುತ್ತದೆ, ಇಲ್ಲಿನ ಪುಟ್ಟ ಮಕ್ಕಳಿಗೆ ಕೇಕಿನ ಮುಂದೆ ಹಾಡುವ ಅದೇ ಹಾಡು. ಯಾರದೂ ಹುಟ್ಟುಹಬ್ಬ ಇರಬೇಕೆಂದಿಲ್ಲ. ಅಭ್ಯಾಸ ಮುಗಿದ ಮೇಲೆ ಬಟಾಣಿ ಸೂಪು, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಬೇಸಿಗೆಯಲ್ಲೂ ಅದೇ. ಯಾಕೆ ಹೀಗೆ ಎಂದು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಮೊದಲಿನಿಂದಲೂ ಹಾಗೇ.

ಈಗ ನನ್ನ ಪರಿಚಯ. ನಾನು ಸಹನಾ, ಹಿಂದಿನ ಸಮಿತಿಯ ಅಧ್ಯಕ್ಷೆ, ಈಗ ನಿವೃತ್ತಳು. ವಯಸ್ಸು ಇಪ್ಪತ್ತನಾಲ್ಕು. ನಗಬೇಡಿ. ಇಲ್ಲಿನ ವಿದ್ಯಾರ್ಥಿ ಸಂಘಗಳಲ್ಲಿ ಸಮಿತಿಗೆ ಬರುವವರು ಒಂದು ವರ್ಷ ಓದು ನಿಲ್ಲಿಸಿ ಅದೊಂದೇ ಕೆಲಸ ಮಾಡುತ್ತಾರೆ. ವರ್ಷ ಮುಗಿದ ದಿನ ಸಭೆಯಲ್ಲಿ ನಿಮ್ಮನ್ನು ವಿಧಿವತ್ತಾಗಿ ಬಿಡುಗಡೆ ಮಾಡಿ, ಎದೆಗೊಂದು ಪಿನ್ ಚುಚ್ಚಿ, ಹಿಂದಿನ ಸಾಲಿಗೆ ಕಳಿಸುತ್ತಾರೆ. ಆಮೇಲೆ ಕೇಳದ ಹೊರತು ಬಾಯಿ ತೆರೆಯಬಾರದು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದು ಬದುಕಿನಲ್ಲಿ ಅದೇ ಮೊದಲು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಮುಂದೆ ಈ ಕೆಲಸಕ್ಕೆ ಬರುವ ಹುಡುಗಿಯರಿಗಾಗಿ, ಅದರಲ್ಲೂ ಮನೆಯಲ್ಲಿ ಕನ್ನಡ ಮಾತಾಡಿ ಹೊರಡುವವರಿಗಾಗಿ. ಸದಸ್ಯೆಯಾಗಿದ್ದವಳು ಅಧ್ಯಕ್ಷೆ ಹೇಗಾದೆ ಎಂಬುದನ್ನು ಬಿಟ್ಟುಬಿಡುತ್ತೇನೆ. ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೆ.

ಮನೆಯಲ್ಲಿ ಒಪ್ಪಿಸುವುದು ಸುಲಭವಿರಲಿಲ್ಲ. ನಮ್ಮವರು ಧಾರವಾಡದ ಕಡೆಯವರು. ಅಪ್ಪ ಇಲ್ಲಿ ಸಂಶೋಧಕರು, ನಾನು ಐದು ವರ್ಷದವಳಿದ್ದಾಗ ಬಂದೆವು. ಒಂದು ವರ್ಷ ಓದು ನಿಲ್ಲಿಸುತ್ತೇನೆ ಎಂದಾಗ ಅಪ್ಪ ಪತ್ರಿಕೆಯ ಹಿಂದೆ ಮರೆಯಾದರು. ಅವ್ವ ಮಾತ್ರ ನೇರವಾಗಿ ಕೇಳಿದಳು.

"ಓದೂ ಇಲ್ಲ, ಪಗಾರೂ ಇಲ್ಲ. ಇದ್ಯಾವ ನೌಕರಿವಾ ನಿಂದು?"

ಅನುಭವ ಸಿಗುತ್ತದೆ ಎಂದೆ. ಅನುಭವ ಬೇಕಾದರೆ ಅಡಿಗೆಮನೆಗೆ ಬಾ, ಬೇಕಾದಷ್ಟು ಕೊಡುತ್ತೇನೆ ಎಂದಳು. ನಾನು ಊದುವ ದೊಡ್ಡ ಹಿತ್ತಾಳೆ ವಾದ್ಯ ಟ್ಯೂಬಾದ ಮೇಲೂ ಅವಳಿಗೆ ಗೌರವವಿರಲಿಲ್ಲ. "ಅದರಾಗ ಒಂದು ಕೊಡ ನೀರು ಹಿಡಿತದ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅವ್ವನ ಒಂದು ಪ್ರಸಂಗವನ್ನು ಇಲ್ಲೇ ಹೇಳಬೇಕು, ಮುಂದೆ ಬೇಕಾಗುತ್ತದೆ. ಆ ಕಾಲದಲ್ಲಿ ಯುಟ್ರೆಕ್ಟ್ ಕಡೆಯಿಂದ ಬರುವ ರೈಲು ಆಮರ್ಸ್‌ಫೋರ್ಟ್ ನಿಲ್ದಾಣದಲ್ಲಿ ಎರಡಾಗುತ್ತಿತ್ತು. ಮುಂದಿನ ಡಬ್ಬಿಗಳು ನಮ್ಮೂರಿನತ್ತ, ಹಿಂದಿನವು ಉತ್ತರದ ತುದಿಗೆ. ಅವ್ವ ಈ ದೇಶಕ್ಕೆ ಬಂದ ಹೊಸತರಲ್ಲಿ ನನ್ನನ್ನೂ ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನೂ ಹಿಡಿದುಕೊಂಡು ಹಿಂದೆ ಕೂತಳು. ಕಿಟಕಿಯಾಚೆ ಹಸುಗಳು ಹೆಚ್ಚಾಗುತ್ತಾ ಹೋದವು, ಊರು ಬರಲಿಲ್ಲ. ಕೊನೆಗೆ ಲೇವಾರ್ಡನ್ ಎಂಬ ಊರಿನ ಪ್ಲಾಟ್‌ಫಾರ್ಮಿನಲ್ಲಿ ಕೂತು ಹೋಳಿಗೆ ತಿಂದೆವು, ರೈಲಿನ ಗಾರ್ಡ್‌ಗೂ ಒಂದು ಕೊಟ್ಟೆವು. ಆಮೇಲೆ ಅವ್ವ ಆ ತಪ್ಪನ್ನು ಎಂದೂ ಮಾಡಲಿಲ್ಲ. ಈಗಲೂ ಯಾವ ರೈಲು ಹತ್ತಿದರೂ ಮೊದಲು ಕೇಳುತ್ತಾಳೆ, "ಇದು ನಮ್ಮ ಡಬ್ಬಿ ಹೌದಲ್ಲ?" ಹೊಸಬರು ಒಂದು ಸಲ ಮಾಡುವ ತಪ್ಪು ಅದು. ಆ ದಾರಿಯಲ್ಲಿ ಓಡಾಡಿದವರು ಮಾಡುವುದಿಲ್ಲ.

ಇನ್ನು ಕೆಲಸ. ಸಮಿತಿಯ ಕೆಲಸದ ಮುಕ್ಕಾಲು ಪಾಲು ಕುರ್ಚಿ ಜೋಡಿಸುವುದು, ಕಾಲು ಪಾಲು ಅವನ್ನು ತೆಗೆದಿಡುವುದು. ಉಳಿದ ಸಮಯದಲ್ಲಿ ಸಂಗೀತ. ಹೊಸ ವಿದ್ಯಾರ್ಥಿಗಳ ಸ್ವಾಗತ ವಾರದಲ್ಲಿ ನಾವು ಟೆಂಟ್ ಹಾಕಿ, ಹಾದುಹೋಗುವ ಹುಡುಗಿಯರ ಕೈಗೆ ಟ್ಯೂಬಾ ಕೊಟ್ಟು ಊದಿ ಎನ್ನುತ್ತಿದ್ದೆವು. ಅಲ್ಲಿ ನಾನು ಕಂಡುಕೊಂಡ ಸತ್ಯವೊಂದಿದೆ. ಮೊದಲ ಸಲಕ್ಕೇ ಸದ್ದು ಬರಿಸಿದವರು ಮತ್ತೆ ಮುಖ ತೋರಿಸುವುದಿಲ್ಲ. ಕೆನ್ನೆ ಕೆಂಪಾಗುವವರೆಗೆ ಊದಿಯೂ ಬರೀ ಗಾಳಿ ಹೊರಟವರು ಮರುವಾರ ಬಂದು ಸದಸ್ಯೆಯರಾಗುತ್ತಾರೆ. ನಮ್ಮ ಶಾಖೆ ನಡೆದಿರುವುದು ಹಟದಿಂದ.

ನಾವು ಶ್ರುತಿ ಸೇರಿಸುವ ವಿಧಾನ ಬದಲಾದದ್ದು ಮೇಘನಾಳಿಂದ. ಮೈಸೂರಿನಿಂದ ಮಾಸ್ಟರ್ಸ್ ಓದಲು ಬಂದವಳು, ವೀಣೆ ಕಲಿತವಳು, ನನ್ನ ಸಮಿತಿಯ ಕಾರ್ಯದರ್ಶಿ. ಮೊದಲೆಲ್ಲ ಶ್ರುತಿ ಸೇರಿಸುವುದೆಂದರೆ ಪ್ರತಿಯೊಬ್ಬಳೂ ತನ್ನ ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ನೋಡುತ್ತ, ಪಕ್ಕದವಳನ್ನು ಕೇಳಿಸಿಕೊಳ್ಳದೆ ಊದುವುದು. ಮೇಘನಾ ಒಂದು ದಿನ ಶ್ರುತಿಪೆಟ್ಟಿಗೆ ತಂದು ನಡುವೆ ಇಟ್ಟಳು. ಎಲ್ಲರೂ ಕಣ್ಣು ಮುಚ್ಚಿ ಒಂದೇ ಸ್ವರ ಹಿಡಿಯಿರಿ ಎಂದಳು. ಹಿಡಿದರು. ಬಿಡಲೇ ಇಲ್ಲ. ಆ ದಿನ ಅಭ್ಯಾಸವೇ ನಡೆಯಲಿಲ್ಲ. ಸ್ಯಾಕ್ಸೊಫೋನಿನವಳು ಅಳತೊಡಗಿದಳು, ಕೊಳಲಿನವಳು ನಿದ್ದೆ ಹೋದಳು. ಆಮೇಲೆ ನಾವು ಶ್ರುತಿಗೆ ಸಮಯದ ಮಿತಿ ಹಾಕಬೇಕಾಯಿತು. ಆದರೆ ಅಲ್ಲಿಂದ ಮುಂದೆ ನಮ್ಮ ಅಪಸ್ವರವೂ ಎಲ್ಲರದೂ ಒಂದೇ ಆಗಿರುತ್ತಿತ್ತು, ಅದು ಸಣ್ಣ ಸಾಧನೆಯಲ್ಲ.

ಈಗ ಕಳ್ಳತನದ ವಿಷಯ. ಸಂಘಗಳ ನಡುವೆ ಇಲ್ಲೊಂದು ಹಳೆಯ ಪದ್ಧತಿ. ಹೊಸ ಸಮಿತಿ ಅಧಿಕಾರಕ್ಕೆ ಬಂದಾಗ ಬೇರೆ ಸಂಘ, ಶಾಖೆಗಳವರು ಅಭಿನಂದಿಸಲು ಬರುತ್ತಾರೆ, ಅಭಿನಂದಿಸುತ್ತಲೇ ಆ ಸಂಘದ ಪ್ರೀತಿಯ ವಸ್ತು ಯಾವುದೋ ಅದನ್ನು ಎಗರಿಸಲು ನೋಡುತ್ತಾರೆ. ಹೊಸ್ತಿಲು ದಾಟಿಸಿದರೆ ಗೆದ್ದಿರಿ, ಅವರು ಏನಾದರೂ ಸೇವೆ ಮಾಡಿ ಬಿಡಿಸಿಕೊಳ್ಳಬೇಕು. ಸಿಕ್ಕಿಬಿದ್ದರೆ ಸೇವೆ ನಿಮ್ಮದು. ಯುಟ್ರೆಕ್ಟ್ ನಮ್ಮ ಸಂಘದ ತಾಯಿಶಾಖೆ, ಅಲ್ಲಿನ ಪ್ರೀತಿಯ ವಸ್ತು ಬಾಗಿಲ ಬಳಿಯ ಹಳೆಯ ಡೋಲು. ಅಲ್ಲಿ ಹೊಸ ಸಮಿತಿ ಬಂದ ದಿನ ಮೇಘನಾ ಮತ್ತು ನಾನು ಅದಕ್ಕಾಗಿಯೇ ಹೋದೆವು.

ಯೋಜನೆ ಅದ್ಭುತವಾಗಿತ್ತು. ಯುಟ್ರೆಕ್ಟಿನ ಅಧ್ಯಕ್ಷೆ ಫ್ಲೋರ್, ಕಾನೂನು ಓದುವವಳು, ಕಣ್ಣು ಹದ್ದಿನದು. ಅವಳಿಗೆ ಮೇಘನಾ ಎಪ್ಪತ್ತೆರಡು ಮೇಳಕರ್ತ ರಾಗಗಳನ್ನು ಮೊದಲಿನಿಂದ ವಿವರಿಸತೊಡಗಿದಳು. ಸಭ್ಯರಾದ ಡಚ್ಚರು ಅಂಥಾ ವಿವರಣೆಯ ನಡುವೆ ಎದ್ದು ಹೋಗಲಾರರು. ನಾನು ಕೋಟಿನ ಕೆಳಗೆ ಡೋಲು ಸೇರಿಸಿ ಬಾಗಿಲಿನತ್ತ ಹೊರಟೆ. ಯಾರೂ ನೋಡಲಿಲ್ಲ. ಹೊಸ್ತಿಲು ಎರಡು ಹೆಜ್ಜೆಯಲ್ಲಿತ್ತು. ಆಗ ಗುಂಪಿನಲ್ಲಿ ಯಾರೋ ತಳ್ಳಿ, ಡೋಲು ಜಾರಿ, ನನ್ನ ಬೂಟಿನ ತುದಿ ಅದಕ್ಕೆ ತಾಗಿತು.

ಬುದ್ಧಿ ಇದ್ದವಳಾದರೆ ಎತ್ತಿಕೊಂಡು ಓಡಬೇಕಿತ್ತು. ನಾನು ನಿಂತೆ. ಡೋಲನ್ನು ನೆಲಕ್ಕಿಟ್ಟು, ಬಗ್ಗಿ ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡೆ. ವಾದ್ಯಕ್ಕೆ ಕಾಲು ತಾಗಿದರೆ ಹಾಗೆ ಮಾಡಬೇಕೆಂದು ಐದನೇ ವಯಸ್ಸಿನಲ್ಲಿ ಅವ್ವ ಕಲಿಸಿದ್ದು. ದೇವರನ್ನು ನಾನು ಹಲವು ಸ್ಪರ್ಧೆಗಳಲ್ಲಿ ಸೋಲಿಸಿದ್ದೇನೆ, ಆದರೆ ಆ ಕೈಯನ್ನು ತಡೆಯಲಾಗಲಿಲ್ಲ. ತಲೆ ಎತ್ತಿದಾಗ ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು. ಮೇಘನಾ ಹದಿನೈದನೇ ರಾಗದಲ್ಲಿ ನಿಂತುಬಿಟ್ಟಿದ್ದಳು. "ನಮಸ್ಕಾರ ಆಮೇಲೆ ಮಾಡ್ಕೋಬಹುದಿತ್ತಲ್ವೇನೇ" ಎಂದಳು, ಕನ್ನಡದಲ್ಲಿ, ಜೋರಾಗಿ.

ಸೇವೆ ನಮ್ಮ ಪಾಲಿಗೆ ಬಂತು. ಯುಟ್ರೆಕ್ಟ್ ನಿಲ್ದಾಣದಲ್ಲಿ, ಸಂಜೆ ಜನಜಂಗುಳಿಯ ಹೊತ್ತಿನಲ್ಲಿ, ಅದೇ ಡೋಲು ಬಡಿಯುತ್ತ ಹಾಡಬೇಕು. ಹಾಡಿದೆವು. ಬಿಟ್ಟಿ ಮನರಂಜನೆಯೆಂದು ಯಾರೋ ಸೈಕಲ್ ನಿಲ್ಲಿಸಿ ಕುಣಿದರು.

ಆದರೆ ಆ ದಿನ ನನಗೆ ವಿಲ್ ಸಿಕ್ಕರು. ಯುಟ್ರೆಕ್ಟ್ ಶಾಖೆಯ ಗೌರವಾಧ್ಯಕ್ಷೆ, ಎಂಬತ್ತರ ಹತ್ತಿರದ ಹೆಂಗಸು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ನೋಡಿದ್ದರು. ಕೋಟಿನೊಳಗೆ ಡೋಲು ಹೋದದ್ದನ್ನೂ ಕಂಡು ಸುಮ್ಮನಿದ್ದರು. ಕದ್ದ ವಸ್ತುವಿನ ಕ್ಷಮೆ ಕೇಳುವ ಕಳ್ಳಿಯನ್ನು ಇವತ್ತೇ ನೋಡಿದ್ದು ಎಂದು ನಕ್ಕರು. ನಾನು ಎರಡು ಮಾತಾಡಿದ್ದೇ ತಡ, ನನ್ನ ಡಚ್ಚಿನಲ್ಲಿ ದೇಶದ ಪೂರ್ವಭಾಗದ ಎಳೆತ ಇದೆ ಎಂದು ಹಿಗ್ಗಿದರು. ಅವರು ಅಲ್ಮೆಲೊದವರು. ಎನ್ಸ್‌ಕೆಡೆಗೆ ಹೋಗುವ ದಾರಿಯಲ್ಲಿ ಅದು ಸ್ವಲ್ಪ ಮೊದಲು ಸಿಗುವ ಊರು. ಯುಟ್ರೆಕ್ಟಿನಲ್ಲಿ ಓದುವಾಗ ಪ್ರತಿ ಶನಿವಾರ ಅಮ್ಮನ ಮನೆಗೆ ಬಟ್ಟೆ ಒಗೆಸಲು ಹೋಗುತ್ತಿದ್ದರಂತೆ. ಆ ರೈಲಿನ ಪ್ರತಿ ಸೀಟಿನ ಮೇಲೂ ಒಮ್ಮೆಯಾದರೂ ಮಲಗಿದ್ದೇನೆ ಎಂದರು. ಆಗ ಅದು ನನಗೆ ಬರೀ ಹರಟೆ.

ಚಳಿಗಾಲದ ನಡುವೆ ಫ್ಲೋರ್ ನಮ್ಮಲ್ಲಿಗೆ ಬಂದಳು. ನಮ್ಮ ಸೂಪು ಕುಡಿಯುತ್ತಲೇ, ಬಹಳ ಸೌಜನ್ಯದಿಂದ, ನಮ್ಮ ಶಾಖೆಯನ್ನು ಯುಟ್ರೆಕ್ಟಿನಲ್ಲಿ ವಿಲೀನ ಮಾಡುವ ಪ್ರಸ್ತಾಪ ಎಲ್ಲ ಶಾಖೆಗಳೂ ಸೇರುವ ವಸಂತದ ಸಭೆಗೆ ಬರುತ್ತದೆ ಎಂದಳು. ನಮ್ಮ ಸದಸ್ಯೆಯರು ಕಡಿಮೆ, ಯುಟ್ರೆಕ್ಟಿನಲ್ಲಿ ಅಭ್ಯಾಸಕ್ಕೆ ಒಳ್ಳೆಯ ಕೋಣೆಗಳಿವೆ ಎಂಬುದು ಅವಳ ವಾದ. ನನಗೆ ನೆನಪಾದದ್ದು ಮಾಸ್ಟ್ರಿಕ್ಟ್ ಶಾಖೆ. ಹಿಂದಿನ ವರ್ಷ ಅದನ್ನು ಹೀಗೇ ಸೇರಿಸಿಕೊಂಡಿದ್ದರು. ಅಲ್ಲಿನ ಹುಡುಗಿಯರು ವಾರವಾರ ಸೆಲ್ಲೊ ಹೊತ್ತು ದೇಶದ ತುದಿಯಿಂದ ರೈಲಿನಲ್ಲಿ ಬರಬೇಕಾಗಿ, ಅರ್ಧದಷ್ಟು ಮಂದಿ ನುಡಿಸುವುದನ್ನೇ ಬಿಟ್ಟಿದ್ದರು. ನಮ್ಮ ಹಟದ ಹುಡುಗಿಯರಿಗೂ ಅದೇ ಗತಿ. ಅವರಲ್ಲಿ ಹಲವರಿಗೆ ಈ ಊರಿನಲ್ಲಿ ವಾರಕ್ಕೊಮ್ಮೆ ಬಾಗಿಲು ತೆರೆದಿರುವ ಮನೆ ಇದೊಂದೇ.

ಸಂಘದ ನಿಯಮ ಸರಳ. ಯುಟ್ರೆಕ್ಟ್ ಸ್ಥಾಪಿಸಿದ ಶಾಖೆಯನ್ನು ಯುಟ್ರೆಕ್ಟ್ ಮುಚ್ಚಬಹುದು. ತಾನಾಗಿ ಹುಟ್ಟಿ ಆಮೇಲೆ ಸಂಘಕ್ಕೆ ಸೇರಿದ ಶಾಖೆಯನ್ನು ಅದರ ಸದಸ್ಯೆಯರೇ ಮುಚ್ಚಿಕೊಳ್ಳಬೇಕು. ನಾವು ತಾನಾಗಿ ಹುಟ್ಟಿದವರು ಎಂದೆ. ಕೊಳದ ಕತೆಯೇ, ಎಂದು ಫ್ಲೋರ್ ಚಮಚ ಕೆಳಗಿಟ್ಟಳು. ಹಿತ್ತಾಳೆಗೆ ತುಟಿ ಅಂಟುವುದಿಲ್ಲವೇ ಎಂದಳು. ಪಿಯಾನೊ ಹೇಗೆ ಹೋಯಿತು ಎಂದಳು. ಆ ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿರಲೇ ಇಲ್ಲ, ವಿಚಾರಿಸಿದ್ದೇನೆ ಎಂದಳು. ತಮ್ಮ ನಿಯೋಗ ಬಾವುಟ ಹಿಡಿದು ಇಲ್ಲಿಗೆ ಬಂದು ಶಾಖೆ ಸ್ಥಾಪಿಸಿತು, ಆ ಬಾವುಟ ಇಗೋ ನಿಮ್ಮ ಗೋಡೆಯ ಮೇಲೇ ಇದೆ ಎಂದಳು. ನನ್ನ ಆಕ್ಷೇಪಗಳೇ ಸಾಲುಗಟ್ಟಿ ನನ್ನ ಎದುರು ಬಂದು ಕೂತಿದ್ದವು. ಸಂಶಯವಾದಿಗೆ ಇದಕ್ಕಿಂತ ಅವಮಾನವಿಲ್ಲ: ತಾನು ನಂಬದ ಕತೆಯನ್ನು ಉಳಿಸಬೇಕು, ಎದುರಾಳಿಗೆ ವಾದ ಹೇಳಿಕೊಟ್ಟವಳೂ ತಾನೇ ಎನಿಸಬೇಕು.

ಮರುದಿನವೇ ಟ್ರೂಸ್ ಮನೆಗೆ ಹೋದೆ. ಹೌದು, ಕತೆಯ ಟ್ರೂಸ್. ಬದುಕಿದ್ದರು, ನಮ್ಮ ಊರಿನಲ್ಲೇ ಇದ್ದರು, ಪ್ರತಿ ವರ್ಷ ಸಂಸ್ಥಾಪನಾ ದಿನಕ್ಕೆ ಮುಂದಿನ ಸಾಲಿನಲ್ಲಿ ಕೂತು ಇದೇ ಕತೆಗೆ ತಲೆದೂಗುತ್ತಿದ್ದರು. ಕೊಳದ ಬಗ್ಗೆ ಕೇಳಿದೆ.

"ಯಾವ ಕೊಳ?" ಎಂದರು.

ನಾನು ಪೂರ್ತಿ ಕತೆ ಹೇಳಿದೆ. ಟ್ರೂಸ್ ಬಾಯಿ ತೆರೆದುಕೊಂಡು ಕೇಳಿದರು. ಅಷ್ಟು ವರ್ಷ ತಲೆದೂಗಿದಿರಲ್ಲ ಎಂದರೆ, ನಮ್ಮ ಮೇಳ ಶುರುವಾಗುವ ಮೊದಲೇ ಅವರು ಕಿವಿಯ ಯಂತ್ರವನ್ನು ಬಾಗಿಲಲ್ಲೇ ಆಫ್ ಮಾಡಿಬಿಡುತ್ತಿದ್ದರಂತೆ. "ನೀವು ಎಷ್ಟು ಜೋರಾಗಿ ಊದ್ತೀರಿ ಅಂತ ನಿಮಗೆ ಗೊತ್ತಿಲ್ಲ, ಮಗು. ಎಲ್ಲರೂ ಬಾಯಿ ಉಬ್ಬಿಸಿ ಏನೋ ಅಂದಾಗ ನಾನೂ ಅಂತಿದ್ದೆ." ಅಂದರೆ ಆ ನಿರ್ದೇಶಕರಿಗೆ ಅವರೂ ಬೂ ಎನ್ನುತ್ತಿದ್ದರು. ಗೊತ್ತಾದ ಮೇಲೆ ಬೇಜಾರು ಮಾಡಿಕೊಂಡರು. ಪಾಪ, ಆತ ಒಳ್ಳೆಯ ಮನುಷ್ಯ, ಸ್ವರದ ಹಾಳೆ ಇಟ್ಟು ನುಡಿಸಲು ನಮಗೆ ಸ್ಟ್ಯಾಂಡುಗಳನ್ನು ಕೊಟ್ಟವನೇ ಅವನು ಎಂದರು. ಕೊಳ ಬಂದದ್ದು ಎಲ್ಲಿಂದ ಎಂದು ಇಬ್ಬರೂ ತಲೆ ಕೆರೆದುಕೊಂಡೆವು. ಕೊನೆಗೆ ಅವರಿಗೆ ಹೊಳೆಯಿತು. ಯಾವುದೋ ವಾರ್ಷಿಕೋತ್ಸವಕ್ಕೆ ಹುಡುಗಿಯರು ಹಾಸ್ಯ ನಾಟಕ ಆಡಿದ್ದರು, ಅದರಲ್ಲಿ ಬಿಳಿ ಬೆಡ್‌ಶೀಟಿನ ಕೊಳ ಇತ್ತು. ನಾಟಕ ನೋಡಿ ನಕ್ಕವರು ಪದವಿ ಮುಗಿಸಿ ಹೋದರು, ಕೇಳಿ ತಿಳಿದವರು ಉಳಿದರು. ವಿದ್ಯಾರ್ಥಿ ಸಂಘದಲ್ಲಿ ಪ್ರಾಚೀನ ಕಾಲ ಶುರುವಾಗುವುದು ನಾಲ್ಕೈದು ವರ್ಷದ ಹಿಂದೆ.

ನಿಜವಾಗಿ ನಡೆದದ್ದು ಹೀಗೆ. ಇಲ್ಲಿನ ಹುಡುಗಿಯರೇ ಯುಟ್ರೆಕ್ಟಿನವರನ್ನು ಕರೆದಿದ್ದರು. ಸಂಜೆಯ ರೈಲಿಗೆ ನಿಯೋಗ ಬಂದು, ಬಾವುಟ ಏರಿಸಿ, ಸಂಘದ ಲ್ಯಾಟಿನ್ ಗೀತೆ ಕಲಿಸಿ, ಶಾಖೆ ಸ್ಥಾಪಿಸಬೇಕಿತ್ತು. ಟ್ರೂಸ್ ಬಟಾಣಿ ಸೂಪು ಮಾಡಿಟ್ಟಿದ್ದರು. ಮೊದಲು ನುಡಿಸುವುದು, ಆಮೇಲೆ ಊಟ ಎಂದು ಮಾತಾಗಿತ್ತು. ರೈಲು ಬಂತು, ಅದರಿಂದ ಯಾರೂ ಇಳಿಯಲಿಲ್ಲ. ಫೋನಿಲ್ಲ, ಸುದ್ದಿಯಿಲ್ಲ. ಸೂಪು ಗಟ್ಟಿಯಾಗುತ್ತ ಹೋಯಿತು. ಚಮಚ ನಿಂತಿತು. ಇನ್ನು ತಡೆಯಲಾರೆವು, ಏನಾದರೂ ನುಡಿಸಿ ತಿಂದುಬಿಡೋಣ ಎಂದು ಎಲ್ಲರೂ ಒಪ್ಪಿದರು. ಲ್ಯಾಟಿನ್ ಗೀತೆ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಬರುತ್ತಿದ್ದದ್ದು ಮಕ್ಕಳ ಹುಟ್ಟುಹಬ್ಬದ ಹಾಡೊಂದೇ. ಅದನ್ನೇ ನುಡಿಸಿ, ನಾವು ಹುಟ್ಟಿದೆವು ಎಂದು ಘೋಷಿಸಿ, ಸೂಪಿನ ಮೇಲೆ ಬಿದ್ದರು. ನಿಯೋಗ ಬಂದದ್ದು ಮರುದಿನ ಬೆಳಿಗ್ಗೆ, ಕೆದರಿದ ಕೂದಲಲ್ಲಿ, ಬಾವುಟ ಏರಿದ್ದೂ ಆಗಲೇ. ಆಮರ್ಸ್‌ಫೋರ್ಟಿನಲ್ಲಿ ರೈಲು ಎರಡಾದಾಗ ಅವರೆಲ್ಲ ಹಿಂದಿನ ಡಬ್ಬಿಯಲ್ಲಿದ್ದರು. ಲೇವಾರ್ಡನ್ನಿನಲ್ಲಿ ಮಲಗಿದ್ದರು.

ನಾನು ಟ್ರೂಸ್ ಮನೆಯ ಸೋಫಾದ ಮೇಲೆ ಕೂತು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆ ಪ್ಲಾಟ್‌ಫಾರ್ಮ್ ನನಗೆ ಗೊತ್ತಿತ್ತಲ್ಲ.

ಹಿಂತಿರುಗಿ ಹೇಳಿದಾಗ ಮೇಘನಾ ನಗಲಿಲ್ಲ. "ಲೇ, ಅವ್ರನ್ನ ಇನ್ವೈಟ್ ಮಾಡಿದ್ದೇ ನಾವು ಅಂತ ನೀನೇ ಸ್ಟೇಜ್ ಮೇಲೆ ಹೇಳಿದ್ರೆ ಕೇಸ್ ಅಲ್ಲೇ ಕ್ಲೋಸ್ ಕಣೇ. ಕೊಳ ಆದ್ರೂ ಫುಲ್ ನಮ್ದು."

ಕೊಳ ಹೆಪ್ಪೇ ಗಟ್ಟಿರಲಿಲ್ಲ ಎಂದೆ.

"ಸರಿ, ಹಂಗಾದ್ರೆ ಈ ಸೂಪನ್ನ ಹೇಗೆ ಪ್ರೂವ್ ಮಾಡ್ತೀಯ?"

ಅದೇ ಪ್ರಶ್ನೆ ನನ್ನ ತಲೆಯಲ್ಲಿ ಗಿರಗಿರ ತಿರುಗಿ, ಒಂದು ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದಾಗ, ಹಿಂದಿನ ಟ್ರಾಲಿಯಲ್ಲಿ ಟ್ಯೂಬಾ ಗಡಗಡ ಎನ್ನುತ್ತಿದ್ದಾಗ, ತಾನಾಗಿ ಬಿಚ್ಚಿಕೊಂಡಿತು. ಎಲ್ಲರೂ ಹೇಳಬಲ್ಲ ಕತೆಗಿಂತ, ಯಾರೂ ಯಾಕೆಂದು ಹೇಳಲಾರದ ಪದ್ಧತಿ ಒಳ್ಳೆಯ ಸಾಕ್ಷಿ. ಕತೆಯನ್ನು ಚೆಂದಕ್ಕಾಗಿ ಕಟ್ಟಬಹುದು. ಬೇಸಿಗೆಯಲ್ಲಿ ಬೆವರುತ್ತ ಬಟಾಣಿ ಸೂಪು ಕುಡಿಯುವುದನ್ನು ಚೆಂದಕ್ಕಾಗಿ ಯಾರು ಕಟ್ಟುತ್ತಾರೆ?

ವಸಂತದ ಸಭೆಗೆ ನಾವು ಟ್ರೂಸ್ ಅವರನ್ನೂ ಕರೆದುಕೊಂಡು ಯುಟ್ರೆಕ್ಟಿಗೆ ಹೋದೆವು. ಅವರು ಮತ್ತು ವಿಲ್ ಇಲ್ಲಿನ ರೂಢಿಯಂತೆ ಈ ಕೆನ್ನೆ ಆ ಕೆನ್ನೆ ಎಂದು ಮೂರು ಮುತ್ತು ಕೊಟ್ಟುಕೊಂಡು ಪಕ್ಕಪಕ್ಕದಲ್ಲಿ ಕೂತರು. ಫ್ಲೋರ್ ಪ್ರಸ್ತಾಪ ಮಂಡಿಸಿದಳು. ಬಾವುಟ, ಆಹ್ವಾನ, ನಿಯೋಗ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಎದ್ದು ಮೊದಲು ಕೊಳವನ್ನು ಕೈಬಿಟ್ಟೆ. ಅದು ಬೆಡ್‌ಶೀಟು ಎಂದೆ. ನಮ್ಮ ಹುಡುಗಿಯರ ಸಾಲಿನಿಂದ ನಿಟ್ಟುಸಿರು ಕೇಳಿತು. ಆಮೇಲೆ ಸೂಪಿನ ಕತೆ ಹೇಳಿದೆ. ಸಭೆ ನಗತೊಡಗಿತು. ನಗುವಾಗಲೇ ಮಾಸ್ಟ್ರಿಕ್ಟಿನ ಹುಡುಗಿಯರನ್ನು ಕೇಳಿದೆ, ನಿಮ್ಮ ಅಭ್ಯಾಸ ಯಾವ ಹಾಡಿನಿಂದ ಶುರುವಾಗುತ್ತಿತ್ತು? ಲ್ಯಾಟಿನ್ ಗೀತೆ, ಎಂದರು. ಕಲಿಸಿದವರು? ಸ್ಥಾಪಿಸಲು ಬಂದ ಯುಟ್ರೆಕ್ಟಿನವರು. ಹಾಗಾದರೆ ನಮಗೆ ಹುಟ್ಟುಹಬ್ಬದ ಹಾಡು ಕಲಿಸಿದವರು ಯಾರು? ಹಸಿವು, ಎಂದೆ.

ಫ್ಲೋರ್ ಸೋಲುವವಳಲ್ಲ. ಸೂಪು ಪುರಾವೆಯಲ್ಲ ಎಂದಳು. ನಿಯೋಗ ದಾರಿಯಲ್ಲಿತ್ತು, ತಡವಾಯಿತು ಅಷ್ಟೆ, ತಡವಾದರೂ ಸ್ಥಾಪನೆ ಸ್ಥಾಪನೆಯೇ ಎಂದಳು. ನಾನು ಹೇಳಿದೆ:

"ಸೂಲಗಿತ್ತಿ ತಪ್ಪು ರೈಲು ಹತ್ತಿದ್ದಾಳೆ ಅಂತ ಮಗು ಒಳಗೇ ಕಾಯುತ್ತಾ? ಅವಳು ಮರುದಿನ ಬಂದು ಹೆರಿಗೆ ಮಾಡಿಸಿದೆ ಅಂದರೆ ತಾಯಿ ಒಪ್ಪಬೇಕಾ?"

ಚಪ್ಪಾಳೆ ಬಿತ್ತು. ಫ್ಲೋರ್ ಚಪ್ಪಾಳೆ ಮುಗಿಯುವವರೆಗೆ ಕಾದು, ತಣ್ಣಗೆ ಹೇಳಿದಳು: ಈ ತಪ್ಪು ರೈಲು ನಿಜವಾಗಿಯೂ ಇತ್ತೇ? ಸೂಪು ಮಾಡಿದವರ ಮಾತೊಂದೇ ಸಾಲದು. ಆ ನಿಯೋಗದಲ್ಲಿದ್ದವರಲ್ಲಿ ಉಳಿದಿರುವವರು ಒಬ್ಬರೇ, ಅವರು ಇಲ್ಲೇ ಇದ್ದಾರೆ. ಎಲ್ಲರೂ ವಿಲ್ ಅವರತ್ತ ತಿರುಗಿದರು.

ಇದು ನನಗೆ ಗೊತ್ತಿರಲಿಲ್ಲ. ಎದುರು ಪಕ್ಷದ ಸಾಕ್ಷಿಯನ್ನು ಮೊದಲೇ ವಿಚಾರಿಸಿರಬೇಕು ಎಂಬುದು ಚರ್ಚೆಯ ಮೊದಲ ಪಾಠ. ನಾನು ಟ್ರೂಸ್ ಅವರ ಸೋಫಾದಲ್ಲಿ ನಗುವುದರಲ್ಲಿ, ನಿಯೋಗದಲ್ಲಿ ಯಾರಿದ್ದರೆಂದು ಕೇಳುವುದನ್ನೇ ಮರೆತಿದ್ದೆ. ವಿಲ್ ಯುಟ್ರೆಕ್ಟ್ ಶಾಖೆಯವರು, ಅದರ ಗೌರವಾಧ್ಯಕ್ಷೆ. ಅವರು ನೆನಪಿಲ್ಲ ಎಂದರೂ ಸಾಕಿತ್ತು, ನಮ್ಮ ಬಾಗಿಲು ಮುಚ್ಚುತ್ತಿತ್ತು. ಮೇಘನಾ ನನ್ನ ತೋಳು ಹಿಡಿದುಕೊಂಡಳು.

ವಿಲ್ ನಿಧಾನವಾಗಿ ಎದ್ದರು.

"ಇತ್ತು. ಹಿಂದಿನ ಡಬ್ಬಿ. ಎಲ್ಲರನ್ನೂ ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದ್ದು ನಾನೇ."

ಕೂತರು.

ಕೈ ಎತ್ತಿಸಿ ಮತ ಎಣಿಸಿದವಳು ಫ್ಲೋರ್. ಮಾಸ್ಟ್ರಿಕ್ಟಿನ ಹುಡುಗಿಯರೆಲ್ಲ ನಮ್ಮ ಕಡೆ ಕೈ ಎತ್ತಿದ್ದರು, ಒಬ್ಬಳು ಎರಡೂ ಕೈ ಎತ್ತಿ ಬೈಸಿಕೊಂಡಳು. ನಾವು ಉಳಿದೆವು. ಫ್ಲೋರ್ ಬಂದು ನನಗೂ ಮೂರು ಮುತ್ತು ಕೊಟ್ಟು, ಹವಾಮಾನ ವಿಚಾರಿಸಿದ್ದೆ, ರೈಲು ವಿಚಾರಿಸಲಿಲ್ಲ ಎಂದಳು. ಆಮೇಲೆ ಇಡೀ ಸಭೆ ಎದ್ದು ಹುಟ್ಟುಹಬ್ಬದ ಹಾಡು ಹಾಡಿತು. ಟ್ರೂಸ್ ನಗುನಗುತ್ತಲೇ ಕಿವಿಯ ಯಂತ್ರ ಆಫ್ ಮಾಡಿದರು.

ಈಗ ಸಂಸ್ಥಾಪನಾ ದಿನ ಆ ನಿರ್ದೇಶಕರಿಗೆ ಬೂ ಎನ್ನುವುದಿಲ್ಲ, ಸ್ಟ್ಯಾಂಡು ಕೊಟ್ಟದ್ದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಕೊಳದ ಕತೆ ಬೇಕು ಎಂದು ಹಟ ಹಿಡಿಯುವವರು ಈಗಲೂ ಇದ್ದಾರೆ, ಅವರಿಗಾಗಿ ಬೆಡ್‌ಶೀಟು ಹಾಸುತ್ತೇವೆ. ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಆ ವಿಲ್‌ಬಾಯಿ ಯಾವ ಊರಾಕಿ?" ಅಲ್ಮೆಲೊ ಎಂದೆ. ಅವ್ವ ಲಟ್ಟಣಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. ನನ್ನ ಚರ್ಚಾಸ್ಪರ್ಧೆಯ ಬಹುಮಾನಗಳೆಲ್ಲ ಗೂಡಿನಲ್ಲೇ ಇದ್ದವು, ಅವು ಕಾಣದ್ದು ಅವ್ವನಿಗೆ ಕಂಡಿತ್ತು. ನನಗೆ ಆಗ ಹೊಳೆಯಿತು.

ಅಧ್ಯಕ್ಷೆಯಾಗಿ ನನ್ನ ಕೊನೆಯ ಯುಟ್ರೆಕ್ಟ್ ಪ್ರಯಾಣದಲ್ಲಿ ವಿಲ್ ನಿಲ್ದಾಣದವರೆಗೆ ಬೀಳ್ಕೊಡಲು ಬಂದರು. ಪ್ಲಾಟ್‌ಫಾರ್ಮಿನಲ್ಲಿ ಕೇಳಿಯೇಬಿಟ್ಟೆ. ಅವರು ಕೋಟಿನ ಜೇಬಿನಿಂದ ಹಲ್ಲಿಗೆ ಅಂಟುವ ಕಪ್ಪು ಲಿಕೊರಿಸ್ ಮಿಠಾಯಿ ತೆಗೆದು ನನ್ನ ಕೈಗಿಟ್ಟು, ಡಬ್ಬಿಯ ಮೇಲಿನ ಫಲಕ ಓದಿ, ಹತ್ತು ಮಗು, ಇದು ನಿನ್ನದೇ ಎಂದರು. ಬಾಗಿಲು ಮುಚ್ಚಿತು. ಕಪ್ಪು ಮಿಠಾಯಿ ಬಾಯಲ್ಲಿದ್ದಾಗ ಮರುಪ್ರಶ್ನೆ ಹಾಕಲಾಗುವುದಿಲ್ಲ, ಅದೂ ಅವರಿಗೆ ಗೊತ್ತಿತ್ತು.

ಈಗ ನಾನು ಹಿಂದಿನ ಸಾಲಿನವಳು, ಸಭೆಯಲ್ಲಿ ಕೇಳುವ ಹಕ್ಕಿಲ್ಲ. ಬರೆದು ಕೇಳಬಾರದೆಂಬ ನಿಯಮ ಎಲ್ಲೂ ಇಲ್ಲ. ವಿಲ್ ಅವರೇ, ಪ್ರತಿ ಶನಿವಾರ ಬಟ್ಟೆಗಂಟು ಹೊತ್ತು ಅದೇ ರೈಲಿನ ಮುಂದಿನ ಡಬ್ಬಿಯಲ್ಲಿ ಊರಿಗೆ ಹೋಗುತ್ತಿದ್ದ ನೀವು, ಆ ಒಂದು ಸಂಜೆ ಬಾವುಟ ಹಿಡಿದವರನ್ನೆಲ್ಲ ಯಾಕೆ ಹಿಂದಿನ ಡಬ್ಬಿಗೆ ಹತ್ತಿಸಿದಿರಿ?